ಒಬ್ಬರಿಗೆ ಸಿಗುವ ಮಗು ಇಬ್ಬರಿಗೆ ಯಾಕಿಲ್ಲ?

ಸಲಿಂಗ ಜೋಡಿ ನಮ್ಮ ದೇಶದಲ್ಲಿ ಮಗುವನ್ನು ದತ್ತು ಪಡೆಯಬಹುದಾ? ಕೆಲವರು ಹೌದು ಅನ್ನುತ್ತಾರೆ, ಕೆಲವರು ಇಲ್ಲ ಅನ್ನುತ್ತಾರೆ. ವಿಚಿತ್ರ ಅಂದರೆ ಇಬ್ಬರ ಮಾತೂ ಅರ್ಧರ್ಧ ನಿಜ.

ಹಳೆಯ ಕತೆ ಚಿಕ್ಕದು. 1956ರ ಹಿಂದೂ ದತ್ತು ಕಾಯ್ದೆ ಹಿಂದೂ, ಜೈನ, ಸಿಖ್, ಬೌದ್ಧರಿಗೆ ಮಾತ್ರ ಇತ್ತು. ಉಳಿದವರಿಗೆ 1890ರ ಕಾಯ್ದೆಯಡಿ ಪಾಲಕರಾಗುವುದಷ್ಟೇ ಸಾಧ್ಯವಿತ್ತು. 2000ದ ಬಾಲನ್ಯಾಯ ಕಾಯ್ದೆ ಮತ್ತು ಅದರ 2006ರ ತಿದ್ದುಪಡಿ ಬಂದ ಮೇಲೆ ಎಲ್ಲ ಧರ್ಮದವರಿಗೂ ಬಾಗಿಲು ತೆರೆಯಿತು. ಅದರ ಜಾಗದಲ್ಲಿ ಈಗ ನಡೆಯುತ್ತಿರುವುದು 2015ರ ಬಾಲನ್ಯಾಯ ಕಾಯ್ದೆ.

ಗೋಜಲು ಇರುವುದು ಅದರ ಸೆಕ್ಷನ್ 57ರಲ್ಲಿ. ಒಂಟಿಯಾಗಿರುವವರು, ವಿಚ್ಛೇದನ ಆದವರು ದತ್ತು ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ, ಅಷ್ಟೇ. ನಿಮಗೆ ಯಾರ ಮೇಲೆ ಪ್ರೀತಿ ಅಂತ ಕಾಯ್ದೆ ಕೇಳುವುದಿಲ್ಲ. ಆದರೆ 2022ರ ದತ್ತು ನಿಯಮಾವಳಿಯ 5(3) ಬೇರೆ ಮಾತು ಹೇಳುತ್ತದೆ: ಜೋಡಿಯಾಗಿ ಬಂದರೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಇರಬೇಕು. ಮದುವೆಯಾಗಲು ಕಾನೂನೇ ಬಿಡದವರು ದಾಂಪತ್ಯವನ್ನು ಎಲ್ಲಿಂದ ತರಬೇಕು?

ಹಾಗಾದರೆ ಇಬ್ಬರಲ್ಲಿ ಒಬ್ಬರು ಒಂಟಿ ಅಂತ ಅರ್ಜಿ ಹಾಕಿದರಾಯಿತು ಅಲ್ವಾ? 2022ರ ಜೂನ್‌ನಲ್ಲಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ, ಆ ದಾರಿಗೂ ಅಡ್ಡ ಹಾಕಿತು. ಮದುವೆಯಾಗದೆ ಸಂಗಾತಿಯ ಜೊತೆ ಬಾಳುತ್ತಿರುವವರು ಒಂಟಿ ಅಂತ ಅರ್ಜಿ ಹಾಕುವಂತಿಲ್ಲ ಎಂದು ಸುತ್ತೋಲೆ ಹೊರಡಿಸಿತು. ಇದರ ಪರಿಣಾಮವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅರ್ಜಿ ಹಾಕಿದ ಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಮಗು ಎಲ್ಲಿ ಮಲಗುತ್ತದೆ, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತೆಲ್ಲ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಗೋಡೆಯ ಮೇಲಿನ ಫೋಟೊ ತೆಗೆದಿಟ್ಟು, ಇವರು ನನ್ನ ರೂಮ್‌ಮೇಟ್ ಅಂದರೆ ಮುಂದಕ್ಕೆ ಹೋಗುತ್ತದೆ. ಮಗು ಬಂದ ಮೇಲೂ ಆ ‘ರೂಮ್‌ಮೇಟ್’ ಕಾನೂನಿನ ಕಣ್ಣಿಗೆ ಹೊರಗಿನವರೇ. ದತ್ತು ಪಡೆದವರು ಆಕಸ್ಮಿಕವಾಗಿ ತೀರಿಕೊಂಡರೆ, ಊಟ ಮಾಡಿಸಿ ಬೆಳೆಸಿದ ಇನ್ನೊಬ್ಬರಿಗೆ ತಾಯಿ-ತಂದೆಯ ಹಕ್ಕು ಅಂತ ಯಾವುದೂ ಇಲ್ಲ.

ಸಲಿಂಗ ಸಂಬಂಧ ಅಪರಾಧವಲ್ಲ ಎಂದ ಸುಪ್ರೀಂ ಕೋರ್ಟಿನ ಸೆಕ್ಷನ್ 377ರ ತೀರ್ಪು 2018ರಲ್ಲಿ ಬಂದಾಗ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಅಂದುಕೊಂಡವರು ಜಾಸ್ತಿ. ಸಲಿಂಗ ಮದುವೆಯ ಬಗ್ಗೆ ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಅಕ್ಟೋಬರ್ 17ರಂದು ಕೊಟ್ಟ ತೀರ್ಪು ಅದನ್ನು ಸುಳ್ಳು ಮಾಡಿತು. ಮದುವೆಯ ಹಕ್ಕು ಸಿಗಲಿಲ್ಲ, ಅದರಲ್ಲಿ ಐವರೂ ಒಂದೇ. ದತ್ತಿನ ವಿಷಯದಲ್ಲಿ ಮಾತ್ರ ಪೀಠ 3-2 ಆಗಿ ಒಡೆಯಿತು. ಮದುವೆಯಾದ ಗಂಡು-ಹೆಣ್ಣು ಮಾತ್ರ ಒಳ್ಳೆಯ ಪೋಷಕರು ಅನ್ನುವುದಕ್ಕೆ ಆಧಾರವೇ ಇಲ್ಲ, 5(3) ತಾರತಮ್ಯದ ನಿಯಮ ಎಂದರು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ನ್ಯಾ. ಎಸ್.ಕೆ. ಕೌಲ್ ಜೊತೆಗೂಡಿದರು. ಬಹುಮತದ ಪರ ಬರೆದ ನ್ಯಾ. ರವೀಂದ್ರ ಭಟ್ ಅವರ ತರ್ಕ ಬೇರೆ. ಜೋಡಿ ಮುರಿದರೆ ಮಗುವಿನ ಜೀವನಾಂಶ, ಸುಪರ್ದಿ ಇವನ್ನೆಲ್ಲ ಕಾಯುವ ಕಾನೂನುಗಳು ಮದುವೆಯ ಸುತ್ತಲೇ ಇವೆ. ಹಾಗಾಗಿ ಇದನ್ನು ತಿದ್ದುವುದು ಶಾಸಕಾಂಗದ ಕೆಲಸ ಎಂದರು. ತರ್ಕ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಆ ರಕ್ಷಣೆ ಇಲ್ಲದ ಮಕ್ಕಳು ಇಂಥ ಮನೆಗಳಲ್ಲಿ ಈಗಾಗಲೇ ಇದ್ದಾರಲ್ಲ? ಭಟ್ ಅವರೂ ಇದನ್ನು ಗಮನಿಸಿ, ಸರ್ಕಾರ ಯೋಚಿಸಬೇಕು ಎಂದರು.

ಹೊರಗೆ ಎಲ್ಲವೂ ಸಲೀಸಾಗಿ ಆಯಿತು ಅಂತೇನಲ್ಲ. ನೆದರ್ಲೆಂಡ್ಸ್ 2001ರಲ್ಲೇ ಮದುವೆಯ ಜೊತೆಗೆ ದತ್ತನ್ನೂ ಕೊಟ್ಟಿತು. ತೈವಾನ್ 2019ರಲ್ಲಿ ಮದುವೆಗೆ ಒಪ್ಪಿದರೂ, ಸಂಗಾತಿ ಹೆತ್ತ ಮಗುವನ್ನು ಮಾತ್ರ ದತ್ತು ಪಡೆಯಲು ಬಿಟ್ಟಿತ್ತು. ಬೇರೆ ಮಗುವಿಗೂ ದಾರಿಯಾಗಲು 2023 ಬರಬೇಕಾಯಿತು.

ನಮ್ಮಲ್ಲಿ 2024ರಲ್ಲಿ ಕೇಂದ್ರ ಸರ್ಕಾರ, ರೇಷನ್ ಕಾರ್ಡಿಗೆ ಇಂಥ ಸಂಗಾತಿಗಳನ್ನು ಒಂದೇ ಮನೆಯವರು ಅಂತ ಪರಿಗಣಿಸಿ ಎಂದು ರಾಜ್ಯಗಳಿಗೆ ಹೇಳಿತು. ಜಂಟಿ ಬ್ಯಾಂಕ್ ಖಾತೆಗೂ ಅಡ್ಡಿಯಿಲ್ಲ ಎಂದಿತು. ದತ್ತಿನ ನಿಯಮ ಆ ಪಟ್ಟಿಯಲ್ಲಿ ಇರಲಿಲ್ಲ. 2023ರ ತೀರ್ಪಿನ ಪುನರ್‌ಪರಿಶೀಲನೆ ಕೋರಿದ ಅರ್ಜಿಗಳು 2025ರ ಜನವರಿ 9ರಂದು ವಜಾ ಆದವು.