ದೀರ್ಘಾವಧಿ ಎಂದರೆ ಎಷ್ಟು ವರ್ಷ? ಷೇರು ಹೂಡಿಕೆ ಮತ್ತು ಅಪಾಯ: ನನ್ನ ಟಿಪ್ಪಣಿ

ಷೇರುಪೇಟೆಯ ಪಾಠ ಸಾಮಾನ್ಯವಾಗಿ ಒಂದು ದೊಡ್ಡ ಲೆಕ್ಕದಿಂದ ಶುರುವಾಗುತ್ತದೆ. ಮುಂಬೈ ಷೇರುಪೇಟೆಯ 30 ದೊಡ್ಡ ಕಂಪನಿಗಳ ಷೇರು ಬೆಲೆಯ ಸೂಚ್ಯಂಕವಾದ ಸೆನ್ಸೆಕ್ಸ್‌ಗೆ 1978–79 ಮೂಲ ವರ್ಷ. ಆಗಿನ ಮಟ್ಟವನ್ನು 100 ಎಂದು ಇಟ್ಟುಕೊಂಡಿದ್ದಾರೆ. 2024ರ ಜುಲೈನಲ್ಲಿ ಅದು 80,000 ದಾಟಿತು. 45 ವರ್ಷದಲ್ಲಿ 800 ಪಟ್ಟು, ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಶೇ 16. ಮೊದಲ ಸಲ ಇದನ್ನು ಕೇಳಿದಾಗ ಇಷ್ಟು ಸುಲಭವೇ ಅನ್ನಿಸಿತ್ತು ನನಗೆ. ಆಮೇಲೆ ಒಂದು ಸಂಜೆ ಕುಳಿತು ಅದೇ 45 ವರ್ಷವನ್ನು ಒಂದು ದಿನಾಂಕದಲ್ಲಿ ಕತ್ತರಿಸಿ ಎರಡು ತುಂಡು ಮಾಡಿದೆ. ನಮ್ಮ ಓದಿನ ಗುಂಪಿಗಾಗಿ ಬರೆದ ಈ ಟಿಪ್ಪಣಿ ಹುಟ್ಟಿದ್ದು ಆ ಸಂಜೆ.

ಆ ದಿನಾಂಕ 1992ರ ಏಪ್ರಿಲ್ 22. ಸೆನ್ಸೆಕ್ಸ್ ಅಂದು 4,467ರ ಮಟ್ಟದಲ್ಲಿತ್ತು. ನೀವೂ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ.

ಮೊದಲ ತುಂಡು: 100ರಿಂದ 4,467, ಸುಮಾರು 13 ವರ್ಷ. ವರ್ಷಕ್ಕೆ ಶೇ 34.
ಎರಡನೇ ತುಂಡು: 4,467ರಿಂದ 80,000, ಸುಮಾರು 32 ವರ್ಷ. ವರ್ಷಕ್ಕೆ ಶೇ 9.4.

ಎರಡನ್ನೂ ಕೂಡಿಸಿದರೆ ಶೇ 16 ಸರಿಯಾಗಿಯೇ ಬರುತ್ತದೆ. ಆದರೆ 1992ರ ಆ ವಾರ ಪೇಟೆಗೆ ಕಾಲಿಟ್ಟವರು 32 ವರ್ಷ ಅಲುಗಾಡದೆ ಕೂತರೂ ಆ ಶೇ 16 ಅವರ ಕೈಗೆ ಬರಲಿಲ್ಲ. ಇಲ್ಲಿ ಒಂದು ತಿದ್ದುಪಡಿ ಅಗತ್ಯ: ಸೆನ್ಸೆಕ್ಸ್ ಎಣಿಸುವುದು ಬೆಲೆಯನ್ನು ಮಾತ್ರ. ಕಂಪನಿಗಳು ಕೊಡುವ ಲಾಭಾಂಶ ಅದರಲ್ಲಿ ಸೇರಿಲ್ಲ. ಅದನ್ನೂ ಸೇರಿಸಿದರೆ ವರ್ಷಕ್ಕೆ ಶೇಕಡಾ ಒಂದು, ಒಂದೂವರೆ ಅಂಶ ಹೆಚ್ಚಾಗಬಹುದು. ಮ್ಯೂಚುವಲ್ ಫಂಡ್‌ಗಳು ತಮ್ಮ ಸಾಧನೆಯನ್ನು ಲಾಭಾಂಶ ಸೇರಿದ ಸೂಚ್ಯಂಕದ ಜೊತೆಗೇ ಹೋಲಿಸಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2018ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ.

ಎರಡನೇ ತುಂಡಿನ ಮೊದಲ 11 ವರ್ಷವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಬ್ಯಾಂಕ್ ರಸೀತಿಗಳ (ಸಾಲಪತ್ರ ಮಾರಿದಾಗ ಬ್ಯಾಂಕುಗಳು ಒಂದಕ್ಕೊಂದು ಕೊಡುತ್ತಿದ್ದ ಚೀಟಿ) ದುರ್ಬಳಕೆಯಿಂದ ಬ್ಯಾಂಕುಗಳ ಹಣ ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಮೂಲಕ ಷೇರುಪೇಟೆಗೆ ಹರಿದದ್ದು 1992ರ ಏಪ್ರಿಲ್ ಕೊನೆಯಲ್ಲಿ ಪತ್ರಿಕೆಯಲ್ಲಿ ಬಯಲಾಯಿತು, ಪೇಟೆ ಕುಸಿಯಿತು. 2000ದ ಫೆಬ್ರುವರಿಯಲ್ಲಿ ಐಟಿ ಷೇರುಗಳ ಅಬ್ಬರದಲ್ಲಿ 6,000ದ ಹತ್ತಿರ ಬಂದು ಮತ್ತೆ ಬಿತ್ತು. 2003ರ ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ ಇದ್ದದ್ದು 3,000ದ ಆಸುಪಾಸಿನಲ್ಲಿ. 11 ವರ್ಷ ಕಾದ ಮೇಲೂ ಮೂರರಲ್ಲಿ ಒಂದು ಪಾಲು ಇಲ್ಲ. ಅದೇ ಅವಧಿಯಲ್ಲಿ ದಿನಬಳಕೆಯ ವಸ್ತುಗಳ ಬೆಲೆ ಸುಮಾರು ಎರಡು ಪಟ್ಟಾಗಿತ್ತು. ಅಂದರೆ 1992ರ 100 ರೂಪಾಯಿ 2003ರಲ್ಲಿ 67 ರೂಪಾಯಿ, ಆ 67ಕ್ಕೆ ಸಿಗುವ ಸಾಮಾನು ಮೊದಲಿನ 33 ರೂಪಾಯಿಯದು.

ಇದನ್ನು ಹೆದರಿಸಲು ಬರೆಯುತ್ತಿಲ್ಲ. 1990ರ ಜುಲೈನಲ್ಲಿ ಸೆನ್ಸೆಕ್ಸ್ ಮೊದಲ ಸಲ 1,000 ಮುಟ್ಟಿದಾಗ ಕೊಂಡಿದ್ದವರಿಗೆ 2003ರ ಆ ಕೆಟ್ಟ ದಿನಗಳಲ್ಲೂ ಹಣ ಮೂರು ಪಟ್ಟಾಗಿತ್ತು. ಎರಡೇ ವರ್ಷದ ಅಂತರ! 2003ರಲ್ಲಿ ಬೇಸತ್ತು ಮಾರಿದವರು ಬಿಟ್ಟುಕೊಟ್ಟದ್ದು ಏನನ್ನು ಎಂಬುದನ್ನೂ ನೋಡಿ: ಅಲ್ಲಿಂದ 2008ರ ಜನವರಿಯ ಹೊತ್ತಿಗೆ, ಐದು ವರ್ಷ ತುಂಬುವ ಮೊದಲೇ, ಸೂಚ್ಯಂಕ ಏಳು ಪಟ್ಟಾಯಿತು. ಇನ್ನು ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್ 29ರಂದು ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ, 34 ವರ್ಷಗಳ ನಂತರ. "ದೀರ್ಘಾವಧಿಯಲ್ಲಿ ಷೇರು ಏರಿಯೇ ಏರುತ್ತದೆ" ಎಂದು ಯಾರಾದರೂ ಹೇಳಿದರೆ, ಯಾವ ದಿನದಿಂದ ಯಾವ ದಿನಕ್ಕೆ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳೋಣ.

ಏರಿಳಿತ ಬೇರೆ, ನಷ್ಟ ಬೇರೆ

ಪಠ್ಯದಲ್ಲಿ ಅಪಾಯ ಎಂದರೆ ಪ್ರಮಾಣ ವಿಚಲನೆ. 1952ರಲ್ಲಿ ಹ್ಯಾರಿ ಮಾರ್ಕೋವಿಟ್ಜ್ ಹಾಕಿಕೊಟ್ಟ ದಾರಿ ಇದು. ಸರಾಸರಿಯಿಂದ ಗಳಿಕೆ ಎಷ್ಟು ಆಚೀಚೆ ಜಿಗಿಯುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಪೇಟೆ ಒಂದು ಹೆಜ್ಜೆ ಇಟ್ಟರೆ ಈ ಷೇರು ಎಷ್ಟು ಹೆಜ್ಜೆ ಇಡುತ್ತದೆ ಎಂದು ಬೀಟಾ ಹೇಳುತ್ತದೆ. ಪರೀಕ್ಷೆಗೆ ಎರಡೂ ಬೇಕು, ಸೂತ್ರ ಕಲಿಯಿರಿ. ಆದರೆ ಹಣ ಹಾಕಿದವರ ಪಾಲಿಗೆ ಪ್ರಶ್ನೆ ಬೇರೆ ಎರಡು. ಈ ಹಣ ನನಗೆ ಯಾವ ತಾರೀಖಿಗೆ ಬೇಕು? ನಾನು ಕಾಯುವಷ್ಟು ಕಾಲ ನಾನು ಕೊಂಡದ್ದು ಬದುಕಿರುತ್ತದೆಯೇ?

ಮೊದಲನೆಯದನ್ನು ನಾನು ಕಲಿತದ್ದು ನಮ್ಮ ಚಿಕ್ಕಪ್ಪನಿಂದ. ತುಮಕೂರಿನ ಕಡೆ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು, 2007ರ ಕೊನೆಗೆ ನಿವೃತ್ತರಾದರು. ಕೈಗೆ ಬಂದ ಹಣದಲ್ಲಿ ಮಗಳ ಮದುವೆಗೆಂದು ತೆಗೆದಿಟ್ಟ 6 ಲಕ್ಷ ರೂಪಾಯಿಯನ್ನು ಪರಿಚಯದ ಏಜೆಂಟರೊಬ್ಬರ ಮಾತಿನ ಮೇಲೆ 2008ರ ಜನವರಿ ಮೊದಲ ವಾರ ಷೇರುಗಳಲ್ಲೇ ಹಣ ತೊಡಗಿಸುವ ಈಕ್ವಿಟಿ ಫಂಡಿಗೆ ಹಾಕಿದರು. 2009ರ ಏಪ್ರಿಲ್ ಕೊನೆಗೆ ಲಗ್ನ ನಿಶ್ಚಯವಾಯಿತು. ಛತ್ರದ ಮುಂಗಡ, ಒಡವೆ, ಸೀರೆ, ಅಡುಗೆಯವರು, ಯಾವುದೂ ನಿಲ್ಲುವುದಲ್ಲ. ಮಾರ್ಚ್ ಎರಡನೇ ವಾರ ಎಲ್ಲ ಯೂನಿಟ್ ವಾಪಸ್ ಕೊಟ್ಟರು.

ಆ ಸ್ಟೇಟ್‌ಮೆಂಟ್ ಹಾಳೆ ಈಗ ನನ್ನ ಬಳಿ ಇದೆ. ಕೊಂಡದ್ದು 12,500 ಯೂನಿಟ್, ಬೆಲೆ 48 ರೂಪಾಯಿ. ಕೊಟ್ಟದ್ದೂ 12,500 ಯೂನಿಟ್, ಬೆಲೆ 19 ರೂಪಾಯಿ 20 ಪೈಸೆ, ಕೈಗೆ ಬಂದದ್ದು 2.40 ಲಕ್ಷ. ಎರಡು ಸಲವೂ ಬಂದಿರುವ 12,500ರ ಕೆಳಗೆ ಪೆನ್ಸಿಲ್ಲಿನಲ್ಲಿ ಎರಡೆರಡು ಗೆರೆ ಎಳೆದಿದ್ದಾರೆ. "ಯೂನಿಟ್ಟೆಲ್ಲಾ ಹಂಗೇ ಅವೆಯಲ್ಲಮ್ಮ, ಮತ್ತೆ ದುಡ್ಡೆಲ್ಲಿ ಹೋಯ್ತು?" ಎಂದು ಅವತ್ತು ನನ್ನನ್ನು ಕೇಳಿದ್ದರು. ನಾನಾಗ ಬಿ.ಕಾಂ. ಓದುತ್ತಿದ್ದೆ, ಉತ್ತರ ಗೊತ್ತಿರಲಿಲ್ಲ.

ಪೇಟೆಯಲ್ಲಿ ಆದದ್ದು ಇಷ್ಟು. 2008ರ ಜನವರಿ 8ರಂದು 20,873ಕ್ಕೆ ಮುಕ್ತಾಯವಾಗಿದ್ದ ಸೆನ್ಸೆಕ್ಸ್, ಅಮೆರಿಕದ ಮನೆಸಾಲದ ಬಿಕ್ಕಟ್ಟು ಜಗತ್ತನ್ನೇ ಆವರಿಸಿದ ಮೇಲೆ, 2009ರ ಮಾರ್ಚ್ 9ರಂದು 8,160ಕ್ಕೆ ಬಂದು ನಿಂತಿತು. ಶೇ 61ರ ಇಳಿಕೆ. ಅಲ್ಲಿಂದ ಹತ್ತು ವಾರ ಕಳೆದು, ಲೋಕಸಭೆ ಚುನಾವಣೆಯ ಫಲಿತಾಂಶ ಬಂದ ನಂತರದ ಸೋಮವಾರ, ಮೇ 18ರಂದು, ಒಂದೇ ದಿನ 2,100ಕ್ಕೂ ಹೆಚ್ಚು ಅಂಶ ಏರಿ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಆ ದಿನದ ಮಟ್ಟ 14,284. ಮಾರ್ಚಿನ ತಳದಿಂದ ಶೇ 75 ಮೇಲೆ. 2010ರ ದೀಪಾವಳಿಯ ಹೊತ್ತಿಗೆ ಹಳೆಯ ಎತ್ತರವೂ ಮರಳಿ ಬಂತು. ಮೂರು ವರ್ಷ ಕಾಯಬಲ್ಲವರಿಗೆ ಇದೆಲ್ಲ ಏರಿಳಿತ. ಮಾರ್ಚ್‌ನಲ್ಲಿ ಚಿನ್ನದಂಗಡಿಗೆ ಹಣ ಕಟ್ಟಲೇಬೇಕಿದ್ದ ಚಿಕ್ಕಪ್ಪನಿಗೆ ಅದೇ ಏರಿಳಿತ ನಷ್ಟವಾಗಿ ಗಟ್ಟಿಯಾಯಿತು. ಫಂಡ್ ಒಂದೇ, ಸೂಚ್ಯಂಕ ಒಂದೇ, ಬೇರೆಯಾದದ್ದು ತಾರೀಖು. ಏಜೆಂಟರು ಕೇಳಬೇಕಿದ್ದ ಒಂದೇ ಪ್ರಶ್ನೆ ಅದಾಗಿತ್ತು. ಅದನ್ನು ಕೇಳದೆ ಫಾರಂ ತುಂಬಿಸಿದ್ದು ತಪ್ಪು ಎಂದು ಇವತ್ತಿಗೂ ನನ್ನ ಅಭಿಪ್ರಾಯ.

ಇಲ್ಲೇ ಒಂದು ಚಿಕ್ಕ ಗಣಿತ ಬರೆದಿಟ್ಟುಕೊಳ್ಳಿ. ಶೇ 20 ಕಳೆದುಕೊಂಡರೆ ಅಸಲಿಗೆ ಮರಳಲು ಶೇ 25 ಏರಬೇಕು. ಶೇ 50 ಹೋದರೆ ಶೇ 100. ಶೇ 61 ಹೋದರೆ ಶೇ 156. ಇಳಿಯುವಾಗಿನ ಶೇಕಡಾ ದೊಡ್ಡ ಮೊತ್ತದ ಮೇಲೆ, ಏರುವಾಗಿನ ಶೇಕಡಾ ಉಳಿದ ಚಿಕ್ಕ ಮೊತ್ತದ ಮೇಲೆ.

ಕೊಂಡದ್ದು ಬದುಕಿರುತ್ತದೆಯೇ?

ಕಾಯುವ ತಾಳ್ಮೆ ಇದ್ದರೂ ಕೊಂಡ ಕಂಪನಿಯೇ ಇಲ್ಲವಾದರೆ ಕಾಯುವುದು ಯಾವುದಕ್ಕೆ? 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕಪತ್ರದಲ್ಲಿ ತೋರಿಸಿದ 5,000 ಕೋಟಿ ರೂಪಾಯಿಗೂ ಹೆಚ್ಚು ನಗದು ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಹಿಂದಿನ ದಿನ 179 ರೂಪಾಯಿಯ ಹತ್ತಿರವಿದ್ದ ಷೇರು ಆ ಸಂಜೆಗೆ 40ರ ಸುತ್ತ ಇತ್ತು. ಕೆಲವೇ ದಿನಗಳಲ್ಲಿ ಅದನ್ನು ಸೂಚ್ಯಂಕದಿಂದ ತೆಗೆದರು. ಸೂಚ್ಯಂಕ ಏಕೆ ಬಾಳುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ: ಸೋತದ್ದನ್ನು ಅದು ಹೊರಗೆ ಹಾಕಿ ಬೇರೆಯದನ್ನು ಒಳಗೆ ತಂದುಕೊಳ್ಳುತ್ತದೆ. ಒಂದೇ ಷೇರು ಹಿಡಿದು ಕೂತವರಿಗೆ ಆ ಸೌಕರ್ಯ ಇಲ್ಲ. ಸತ್ಯಂ ಬಿದ್ದ ದಿನ ಸೆನ್ಸೆಕ್ಸ್ ಸುಮಾರು ಶೇ 7 ಇಳಿದು, ವರ್ಷ ಮುಗಿಯುವಷ್ಟರಲ್ಲಿ ಅದಕ್ಕಿಂತ ಎಷ್ಟೋ ಮೇಲಿತ್ತು. ಸತ್ಯಂ ಷೇರು ಮಾತ್ರ 2013ರಲ್ಲಿ ಟೆಕ್ ಮಹೀಂದ್ರಾ ಕಂಪನಿಯಲ್ಲಿ ವಿಲೀನವಾಗುವವರೆಗೂ ಹಳೆಯ ಬೆಲೆಗೆ ಮರಳಲಿಲ್ಲ. ಪೇಟೆಯ ಅಪಾಯವನ್ನು ಕಾಯುವ ಮೂಲಕ ತಾಳಿಕೊಳ್ಳಬಹುದು, ಒಂದು ಕಂಪನಿಯ ಅಪಾಯವನ್ನು ಹಣವನ್ನು ಹಲವೆಡೆ ಹಂಚುವುದರಿಂದ ಮಾತ್ರ ಕಡಿಮೆ ಮಾಡಬಹುದು.

ನಮ್ಮಲ್ಲಿ ಇನ್ಫೋಸಿಸ್ ಕಥೆ ಕೇಳದವರಿಲ್ಲ. 1993ರಲ್ಲಿ 95 ರೂಪಾಯಿಯಂತೆ 100 ಷೇರು, ಅಂದರೆ 9,500 ರೂಪಾಯಿ. ಬೋನಸ್ (ಕಂಪನಿ ಪುಕ್ಕಟೆ ಕೊಡುವ ಷೇರು) ಮೇಲೆ ಬೋನಸ್, ನಡುವೆ ಷೇರು ವಿಭಜನೆ, ಹೀಗೆ 2018ರ ಹೊತ್ತಿಗೆ ಅದು 1,02,400 ಷೇರು. ಲೆಕ್ಕ ನೂರಕ್ಕೆ ನೂರು ನಿಜ. ಕಥೆಯಲ್ಲಿ ಬಿಟ್ಟುಹೋಗುವ ಸಂಗತಿ ಎರಡು. ಒಂದು, 2000ದ ಎತ್ತರದಿಂದ 2001ರ ತಳದವರೆಗೆ ಆ ಷೇರು ಮುಕ್ಕಾಲು ಪಾಲಿಗೂ ಹೆಚ್ಚು ಕುಸಿದಿತ್ತು. 2003ರ ಏಪ್ರಿಲ್ 10ರಂದು ಒಂದೇ ದಿನ ಕಾಲು ಭಾಗಕ್ಕೂ ಹೆಚ್ಚು ಇಳಿಯಿತು. ಅಷ್ಟೂ ಹೊತ್ತು ಕಣ್ಣೆದುರು ಅದನ್ನು ನೋಡುತ್ತ ಮಾರದೇ ಇದ್ದವರ ಲೆಕ್ಕ ಅದು. ಇನ್ನೊಂದು, ಅದೇ ತೊಂಬತ್ತರ ದಶಕದಲ್ಲಿ ಜನರಿಂದ ಹಣ ಎತ್ತಿ, ಆಮೇಲೆ ವಿಳಾಸಕ್ಕೂ ಸಿಗದೆ ಹೋದ 200ಕ್ಕೂ ಹೆಚ್ಚು ಕಂಪನಿಗಳನ್ನು ಕೇಂದ್ರ ಸರ್ಕಾರವೇ 'ಕಣ್ಮರೆಯಾದ ಕಂಪನಿಗಳು' ಎಂದು ಪಟ್ಟಿ ಮಾಡಿತ್ತು. ಅವುಗಳಿಗೂ ಜನ ಅದೇ ಆಸೆಯಿಂದ ಅರ್ಜಿ ಹಾಕಿದ್ದರು. ಗೆದ್ದದ್ದನ್ನು ಮಾತ್ರ ಎಣಿಸಿದರೆ ಸರಾಸರಿ ಯಾವಾಗಲೂ ಚೆಂದ ಕಾಣುತ್ತದೆ.

ಬೆಂಗಳೂರಿನಲ್ಲಿ ಐಟಿ ಕೆಲಸ ಮಾಡುವ ಗೆಳೆಯರಿಗೆ ಇಲ್ಲಿ ವಿಶೇಷವಾಗಿ ಹೇಳಬೇಕು. ಸಂಬಳ ಐಟಿಯಿಂದ, ಕಂಪನಿ ಕೊಟ್ಟ ಷೇರು ಐಟಿಯದು, ತಾವಾಗಿ ಕೊಂಡದ್ದೂ ಗೊತ್ತಿರುವ ಐಟಿ ಷೇರುಗಳೇ, ಸಾಲ ಮಾಡಿ ಕೊಂಡ ಫ್ಲ್ಯಾಟ್ ವೈಟ್‌ಫೀಲ್ಡ್‌ನಲ್ಲಿ. ಡಿಮ್ಯಾಟ್ ಖಾತೆಯಲ್ಲಿ ಹತ್ತು ಹೆಸರಿದ್ದರೂ ಇವೆಲ್ಲ ಒಂದೇ ಕೊಂಬೆಗೆ ಜೋತುಬಿದ್ದಿವೆ. ಅಮೆರಿಕದ ಗ್ರಾಹಕರು ಖರ್ಚು ಕಡಿಮೆ ಮಾಡಿದ ವರ್ಷ ಕೆಲಸ, ಷೇರು, ಬಾಡಿಗೆ ಮೂರೂ ಒಟ್ಟಿಗೆ ಅಲುಗಾಡುತ್ತವೆ. ಹಂಚಿಕೆ ಎಂದರೆ ಹೆಸರುಗಳ ಸಂಖ್ಯೆಯಲ್ಲ. ಒಂದು ಬಿದ್ದಾಗ ಇನ್ನೊಂದು ಬೀಳಬೇಕಾದ ಕಾರಣ ಇಲ್ಲದಿರುವುದು ಹಂಚಿಕೆ.

ಸಾಲ ಮಾಡಿ ಅಥವಾ ಮಾರ್ಜಿನ್ ಮೇಲೆ (ಸ್ವಲ್ಪವೇ ಹಣ ಕಟ್ಟಿ ದೊಡ್ಡ ಮೊತ್ತಕ್ಕೆ) ಆಡುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾಯುವ ಅವಕಾಶವನ್ನೇ ಅದು ಕಿತ್ತುಕೊಳ್ಳುತ್ತದೆ. ಮುಂದಿನ ದಿನಾಂಕದ ಬೆಲೆಯ ಮೇಲಿನ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವ್ಯಕ್ತಿಗತ ವಹಿವಾಟುದಾರರಲ್ಲಿ ಶೇ 93 ಮಂದಿ 2021–22ರಿಂದ 2023–24ರವರೆಗಿನ ಮೂರು ವರ್ಷದಲ್ಲಿ ನಷ್ಟ ಅನುಭವಿಸಿದ್ದಾರೆ ಎಂದು ಸೆಬಿಯ ಅಧ್ಯಯನವೇ ಹೇಳಿದೆ. ಹಾಗೆಂದು ಬ್ಯಾಂಕ್ ಠೇವಣಿಯಲ್ಲಿ ಅಪಾಯವೇ ಇಲ್ಲ ಎಂದಲ್ಲ. ಶೇ 7 ಬಡ್ಡಿಗೆ ಶೇ 30 ತೆರಿಗೆ ಕಳೆದರೆ ಉಳಿಯುವುದು ಶೇ 4.9. ಬೆಲೆಯೇರಿಕೆ ಅದಕ್ಕಿಂತ ಹೆಚ್ಚಿದ್ದ ವರ್ಷ ಪಾಸ್‌ಬುಕ್ಕಿನಲ್ಲಿ ಅಂಕಿ ಬೆಳೆದಿದ್ದರೂ ಹಣ ಸವೆದಿರುತ್ತದೆ.

ಸರದಿಯ ಲೆಕ್ಕ

ನನಗೆ ಬಹಳ ಇಷ್ಟವಾದ ಭಾಗ ಇದು. ಮೂರು ವರ್ಷದ ಗಳಿಕೆ: ಶೇ 30 ಏರಿಕೆ, ಶೇ 10 ಏರಿಕೆ, ಶೇ 30 ಇಳಿಕೆ. 10 ಲಕ್ಷ ಹಾಕಿ ಮುಟ್ಟದೆ ಬಿಟ್ಟರೆ ಈ ಮೂರು ಯಾವ ಸರದಿಯಲ್ಲಿ ಬಂದರೂ ಕೊನೆಗೆ 10.01 ಲಕ್ಷ. ಗುಣಾಕಾರದಲ್ಲಿ ಹಿಂದುಮುಂದಾದರೆ ವ್ಯತ್ಯಾಸವಿಲ್ಲ.

ಈಗ ನಿವೃತ್ತರೊಬ್ಬರು ಅದರಿಂದ ಪ್ರತಿ ವರ್ಷದ ಕೊನೆಗೆ 1 ಲಕ್ಷ ತೆಗೆಯುತ್ತಾರೆ ಎನ್ನಿ. ಏರಿಕೆ ಮೊದಲು ಬಂದರೆ ಉಳಿಯುವುದು 7.54 ಲಕ್ಷ. ಇಳಿಕೆ ಮೊದಲು ಬಂದು, ಆಮೇಲೆ 10, ಕೊನೆಗೆ 30 ಏರಿದರೆ 6.28 ಲಕ್ಷ. ಇಳಿದ ವರ್ಷ ತೆಗೆದ ಹಣ ಮುಂದಿನ ಏರಿಕೆಗೆ ಇರುವುದೇ ಇಲ್ಲ, ಅದಕ್ಕೇ ಈ ಅಂತರ.

ಇದನ್ನು ತಿರುಗಿಸಿ ನೋಡಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷ ಹಾಕುತ್ತಾರೆ. ಏರಿಕೆ ಮೊದಲು ಬಂದರೆ ಹಾಕಿದ 3 ಲಕ್ಷ 2.47 ಲಕ್ಷವಾಗುತ್ತದೆ. ಇಳಿಕೆ ಮೊದಲು ಬಂದರೆ 3.73 ಲಕ್ಷ! ಅದೇ ಕುಸಿತ ನಿವೃತ್ತರ ಬಾಳಿಗೆ ಪೆಟ್ಟು, ಎಳೆಯರ ಎಸ್‌ಐಪಿಗೆ (ನಿಯಮಿತವಾಗಿ ಹಾಕುವ ಕಂತಿಗೆ) ಆಸರೆ. ಹಾಗಾಗಿ 'ಈ ಫಂಡಿನ ಅಪಾಯ ಎಷ್ಟು' ಎಂಬ ಪ್ರಶ್ನೆಗೆ ಹಣ ಹಾಕುತ್ತಿರುವವರ ವಯಸ್ಸು, ಅಗತ್ಯ ಕೇಳದೆ ಪೂರ್ತಿ ಉತ್ತರ ಕೊಡಲಾಗದು.

ಮುಂದಿನ ಸಲ ಸೇರುವಾಗ ಎಲ್ಲರೂ ಒಂದು ಲೆಕ್ಕ ಮಾಡಿಕೊಂಡು ಬನ್ನಿ. ನಿಮ್ಮ ಮನೆಯಲ್ಲಿ ಮುಂದಿನ ಐದು ವರ್ಷದೊಳಗೆ ತಾರೀಖು ಗೊತ್ತಿರುವ ಖರ್ಚುಗಳನ್ನು ಬರೆಯಿರಿ: ಕಾಲೇಜು ಫೀಸು, ಮನೆ ರಿಪೇರಿ, ಮದುವೆ. ಆ ಮೊತ್ತವನ್ನು ಬದಿಗಿಟ್ಟು ಉಳಿದದ್ದು ಶೇ 61 ಇಳಿದರೆ ಏನಾಗುತ್ತದೆ ನೋಡಿ. ಚಿಕ್ಕಪ್ಪನ ಹಾಳೆಯ ಹಿಂಬದಿಯಲ್ಲಿ ಇದೇ ಲೆಕ್ಕ ಇದೆ. ಮದುವೆ ಕಳೆದ ಮೇಲೆ ಯಾವಾಗಲೋ ಕೂತು ಮಾಡಿದ್ದು, ಪೆನ್ಸಿಲ್ಲಿನ ಬರಹ ಸ್ವಲ್ಪ ಮಾಸಿದೆ. 4 ಲಕ್ಷ ಬ್ಯಾಂಕಿನಲ್ಲಿ ಶೇ 9ಕ್ಕೆ ಹದಿನಾಲ್ಕು ತಿಂಗಳು: 4.42 ಲಕ್ಷ. 2 ಲಕ್ಷ ಫಂಡಿನಲ್ಲಿ: 80 ಸಾವಿರ. ಒಟ್ಟು 5.22 ಲಕ್ಷ. ಅದರ ಕೆಳಗೆ 2.40 ಎಂದು ಬರೆದು ಕಳೆದಿದ್ದಾರೆ. 2.82.