‘ಕುನ್ಹಾ’ಕ್ಕೆ ಹಕಾರ ಎಲ್ಲಿಂದ ಬಂತು?

ಪ್ರಶ್ನೆ: ಮಂಗಳೂರು ಕಡೆಯ ಡಿಕುನ್ಹಾ, ಸಲ್ಡಾನ್ಹಾ, ನೊರೋನ್ಹಾ ಎಂಬ ಹೆಸರುಗಳನ್ನು ಹೇಗೆ ಉಚ್ಚರಿಸಬೇಕು? ಪೋರ್ಚುಗೀಸ್ ಕಲಿಯುತ್ತಿರುವ ಗೆಳತಿ, ಅಲ್ಲಿ ಹಕಾರವೇ ಇಲ್ಲ ಎನ್ನುತ್ತಾಳೆ.

ಗೆಳತಿಯ ಮಾತು ನಿಜ. ಪೋರ್ಚುಗೀಸ್ ಬರಹದಲ್ಲಿ ‘ಎನ್’ ಮುಂದೆ ‘ಎಚ್’ ಬಂದರೆ ಎರಡೂ ಸೇರಿ ಒಂದೇ ಧ್ವನಿ, ನಮ್ಮ ಞ. ಅವರ ಬಾಯಲ್ಲಿ ಕುನ್ಹಾ ಎಂದರೆ ‘ಕೂಞ’, ಅರ್ಥ, ಬೆಣೆ. ಒಂದನೆಯ ತರಗತಿ ದಾಟಿದ ಮೇಲೆ ನಾವು ಬರೆಯುವುದನ್ನೇ ಬಿಟ್ಟಿರುವ ಈ ಬಡಪಾಯಿ ಅಕ್ಷರಕ್ಕೆ, ಕೆಲಸ ಸಿಗಬಹುದಾಗಿದ್ದ ಕಡೆಯಲ್ಲೂ ಸಿಗಲಿಲ್ಲ.

ಸ್ವಾರಸ್ಯ ಇರುವುದು ಇದರ ಪಕ್ಕದಲ್ಲೇ. ಕಾಸರಗೋಡು, ದಕ್ಷಿಣ ಕನ್ನಡದ ‘ಕುಂಞಿ’ ಎಂಬ ಹೆಸರಿಗೂ ರೋಮನ್ ಲಿಪಿಯಲ್ಲಿ ಇದೇ ಎನ್–ಎಚ್ ಜೋಡಿ. ಆದರೂ ಕರಾವಳಿಯ ಪತ್ರಿಕೆಗಳು ಅದನ್ನು ಞ ಹಾಕಿಯೇ ಅಚ್ಚು ಮಾಡುತ್ತವೆ. ಕುಂಞಿ ನೆರೆಮನೆಯಿಂದ ಕಿವಿಗೆ ಬಿದ್ದ ಹೆಸರು; ಕುನ್ಹಾ ಕಾಗದದ ಮೇಲೆ ಕಣ್ಣಿಗೆ ಬಿದ್ದದ್ದು. 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ಜಯಲಲಿತಾ ಅವರಿಗೆ ಶಿಕ್ಷೆ ವಿಧಿಸಿದ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ಅವರ ಹೆಸರು ಮನೆಮಾತಾದಾಗ ಹಕಾರವೂ ಗಟ್ಟಿಯಾಯಿತು.

ಕಣ್ಣಿನ ದಾರಿಯಲ್ಲಿ ಇಂಗ್ಲಿಷ್ ನಿಂತಿತ್ತು ಎಂಬುದಕ್ಕೆ ಇನ್ನೊಂದು ಸುಳಿವು ಡಕಾರ. ಪೋರ್ಚುಗೀಸರ ‘ಡಿ’ ನಿಜಕ್ಕೂ ಹಲ್ಲಿಗೆ ನಾಲಿಗೆ ತಾಗುವ ದ. ಜನರ ಬಾಯಿಂದ ಬಾಯಿಗೆ ಬಂದ ‘ಪಾದ್ರಿ’ಯಲ್ಲಿ ಆ ದ ಉಳಿದುಕೊಂಡಿದೆ. ಫರ್ನಾಂಡಿಸ್, ಡಿಸೋಜ ಆಗುವ ಹೊತ್ತಿಗೆ ಅದು ಡ ಆಗಿದೆ. ಲಿಸ್ಬನ್ನಿನವರಿಗೆ ಫರ್ನಾಂಡಿಸ್ ಹೆಚ್ಚುಕಡಿಮೆ ‘ಫೆರ್ನಾಂದಿಶ್’!

‘ಎಲ್’ ಜೊತೆಗಿನ ‘ಎಚ್’ ಕತೆಯೂ ಇಂಥದೇ. ಅದು ‘ಲ್ಯ’ಕ್ಕೆ ಹತ್ತಿರದ ಧ್ವನಿ. ಓಕ್ ಮರದ ಹೆಸರು ಹೊತ್ತ ‘ಕರ್ವಾಲ್ಯು’ ನಮ್ಮಲ್ಲಿ ಕರ್ವಾಲೊ ಆಗಿ ಹಾಯಾಗಿದೆ. ಮೊಲ ಎಂಬ ಅರ್ಥದ ಇನ್ನೊಂದು ಹೆಸರು ಮಾತ್ರ ಕುವೆಲ್ಲೊ, ಕೊಯೆಲ್ಹೊ ಎಂದು ಬಗೆಬಗೆಯಾಗಿ ಅಚ್ಚಾಗುತ್ತದೆ.

ಹಾಗಾದರೆ ಮಂಗಳೂರಿನವರನ್ನು ತಿದ್ದಬೇಕೇ? ಖಂಡಿತ ಬೇಡ. ಗೋವಾದಿಂದ ದಕ್ಷಿಣಕ್ಕೆ ಬಂದು ಶತಮಾನಗಳಿಂದ ಇಲ್ಲೇ ನೆಲೆಸಿದ ಕೊಂಕಣಿ ಮನೆತನಗಳ ಹೆಸರುಗಳಿವು. ಲಿಸ್ಬನ್ನಿಗೆ ಇವುಗಳ ಮೇಲೆ ಈಗ ಅಧಿಕಾರವಿಲ್ಲ. ಸಲ್ಡಾನಾ ಎನ್ನುವವರನ್ನು ಹಾಗೆಯೇ ಕರೆಯಿರಿ. ನನ್ನ ತಕರಾರು ಇರುವುದು ‘ಕುನ್–ಹಾ’ ಎಂದು ಉಸಿರು ಕಟ್ಟಿ ಓದುವ ವಾರ್ತಾ ವಾಚಕರ ಬಗ್ಗೆ. ಆ ಹಕಾರ ಪೋರ್ಚುಗಲ್ಲಿನದ್ದಂತೂ ಅಲ್ಲ, ಹೆಸರಿನ ಒಡೆಯರನ್ನು ಕೇಳಿ ಬಂದದ್ದೂ ಅಲ್ಲ. ಮುಂದಿನ ಸಲ ಮದುವೆ ಕರೆಯೋಲೆಯ ಮೇಲೆ ಹೆಸರು ಬರೆಯುವ ಮುನ್ನ ಅವರಿಗೇ ಒಂದು ಫೋನ್ ಮಾಡಿಬಿಡಿ.