ಉರಿ ಬರೋ ದಾರಿನೇ ಬೇರೆ, ಮುಟ್ಟಿದ್ದು ಗೊತ್ತಾಗೋ ದಾರಿನೇ ಬೇರೆ

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆ ಹೋದವರಿಗೆ ಗೊತ್ತಿರುತ್ತೆ, ಒಲೆ ಮುಂದೆ ನಿಂತು ಕಾದ ಮರಳಲ್ಲಿ ಅಕ್ಕಿ ಅರಳಿಸೋದು ಎಂಥ ಬಿಸಿ ಕೆಲಸ ಅಂತ. ಅಲ್ಲಿ ಯಾರದ್ದಾದ್ರೂ ಕೈ ಬಾಣಲೆ ಅಂಚಿಗೆ ತಗುಲಿದ್ರೆ ಕೈ ಮೊದಲು ಹಿಂದಕ್ಕೆ ಬಂದಿರುತ್ತೆ, "ಅಯ್ಯಪ್ಪಾ ಸುಡ್ತು" ಅನ್ನೋದು ಆಮೇಲೆ. ಕೈ ಎಳ್ಕೊ ಅನ್ನೋ ಆರ್ಡರ್ ಮೆದುಳಿಂದ ಬಂದಿದ್ದಲ್ಲ, ಬೆನ್ನುಹುರಿಯೇ ಕೊಟ್ಟಿದ್ದು, ಮೆದುಳಿಗೆ ಸುದ್ದಿ ಮುಟ್ಟೋ ಹೊತ್ತಿಗೆ ಕೆಲಸ ಮುಗಿದಿರುತ್ತೆ. ಚಿತ್ರದುರ್ಗದ ಬಯಲಲ್ಲಿ ಬರಿಗಾಲಿಗೆ ಜಾಲಿ ಮುಳ್ಳು ಚುಚ್ಚಿದಾಗಲೂ ಹಂಗೇ, ಚುಚ್ಚಿದ ಕಾಲು ಮೇಲಕ್ಕೆ ಏಳುತ್ತೆ, ಅದೇ ಕ್ಷಣಕ್ಕೆ ಇನ್ನೊಂದು ಕಾಲು ಗಟ್ಟಿಯಾಗಿ ನಿಂತ್ಕೊಳ್ಳುತ್ತೆ, ಇಲ್ಲದಿದ್ರೆ ನಾವು ಬಿದ್ದೇಬಿಡ್ತಿದ್ವಿ. ಎರಡೂ ಕಾಲಿನ ಲೆಕ್ಕ ಬೆನ್ನುಹುರಿಯಲ್ಲೇ ಆಗಿಹೋಗಿರುತ್ತೆ.

ಈ ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ ಅಷ್ಟೇ. ಬೆನ್ನುಮೂಳೆ ಇರೋವರೆಗೂ ಅದು ಇರುತ್ತೆ ಅಂತ ತುಂಬಾ ಜನ ಅನ್ಕೊಂಡಿದ್ದಾರೆ, ಆದ್ರೆ ದೊಡ್ಡವರಲ್ಲಿ ಸೊಂಟದ ಮೊದಲನೇ ಎರಡನೇ ಮೂಳೆ ಹತ್ರಾನೇ ಮುಗಿದುಹೋಗುತ್ತೆ, ಅಲ್ಲಿಂದ ಕೆಳಗೆ ಬರೀ ನರಗಳ ಕಟ್ಟು. ಸಿಸೇರಿಯನ್ ಟೈಮಲ್ಲಿ ಬೆನ್ನಿಗೆ ಕೊಡೋ ಇಂಜೆಕ್ಷನ್ ಹುರಿ ಮುಗಿಯೋ ಜಾಗಕ್ಕಿಂತ ಕೆಳಗೆ ಕೊಡೋದು, ಹುರಿಗೇ ಸೂಜಿ ಚುಚ್ಚುತ್ತೆ ಅಂತ ಹೆದರೋ ಅಕ್ಕ ತಂಗಿಯರಿಗೆ ಇದನ್ನ ಯಾರಾದ್ರೂ ಕೂತು ಹೇಳಬೇಕು.

ಹುರಿಯಿಂದ 31 ಜೊತೆ ನರ ಹೊರಡುತ್ತವೆ. ಪ್ರತಿಯೊಂದಕ್ಕೂ ಎರಡು ಬೇರು, ಹಿಂದಿನ ಬೇರಲ್ಲಿ ಮೈಯಿಂದ ಸುದ್ದಿ ಒಳಗೆ ಬರುತ್ತೆ, ಮುಂದಿನ ಬೇರಲ್ಲಿ ಸ್ನಾಯುಗಳಿಗೆ ಆರ್ಡರ್ ಹೋಗುತ್ತೆ. 1822ರಲ್ಲಿ ಫ್ರಾನ್ಸಿನ ವಿಜ್ಞಾನಿ ಮಜಾಂಡಿ ಇದನ್ನ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ. ಹಿಂದಿನ ಬೇರಿನ ಮೇಲೆ ಒಂದು ಸಣ್ಣ ಗಂಟು ಇರುತ್ತೆ, ಸುದ್ದಿ ತರೋ ಜೀವಕೋಶಗಳ ಮನೆ ಅದು. ಚಿಕ್ಕೋರಿದ್ದಾಗ ಬಂದ ಸೀತಾಳೆ ಸಿಡುಬಿನ ವೈರಸ್ ಇಲ್ಲೇ ವರ್ಷಗಟ್ಟಲೆ ಅಡಗಿ ಕೂತು, ವಯಸ್ಸಾದ ಮೇಲೋ ಮೈ ಸೋತಾಗಲೋ ಎದ್ದರೆ ಅದೇ ಸರ್ಪಸುತ್ತು. ಸರ್ಪದ ತಲೆ ಬಾಲ ಕೂಡಿದ್ರೆ ಜೀವ ಹೋಗುತ್ತೆ ಅಂತ ನಮ್ಮ ಕಡೆ ಈಗಲೂ ಹೆದರ್ತಾರೆ. ಆದ್ರೆ ಒಂದು ಗಂಟು ನೋಡ್ಕೊಳ್ಳೋದು ಮೈಯ ಒಂದೇ ಬದಿಯ ಒಂದು ಪಟ್ಟಿಯನ್ನ ಮಾತ್ರ, ಅದಕ್ಕೇ ಗುಳ್ಳೆ ಸಾಮಾನ್ಯವಾಗಿ ಬೆನ್ನಿಂದ ಹೊರಟು ಮೈಯ ನಡುಗೆರೆ ಹತ್ರ ಬಂದು ನಿಂತುಬಿಡುತ್ತೆ. ಹೆದರ್ಕೊಂಡು ಕೂರೋ ಬದಲು ಗುಳ್ಳೆ ಕಂಡ ಎರಡು ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಿ ವೈರಸ್ ತಡೆಯೋ ಮಾತ್ರೆ ಶುರು ಮಾಡಿಸೋದು ಮುಖ್ಯ.

ಈಗ ನಂಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರ್ತೀನಿ. ಒಂದೇ ಬೆರಳಿಂದ ಬಂದ್ರೂ ಸುದ್ದಿಗಳು ಹುರಿ ಒಳಗೆ ಬಂದ ತಕ್ಷಣ ಬೇರೆ ಬೇರೆ ಆಗಿಬಿಡುತ್ತವೆ. ಹರಿಹರದಲ್ಲಿ ಹತ್ತಿ ಎಲ್ಲೂ ಇಳಿಯದೆ ಚಿತ್ರದುರ್ಗ ಸೇರೋ ನಾನ್‌ಸ್ಟಾಪ್ ಬಸ್ ಒಂದು, ಮೊದಲ ಸ್ಟಾಪಲ್ಲೇ ಇಳಿದು ಬಸ್ ಬದಲಾಯಿಸಿ ರಸ್ತೆ ಆಚೆ ಬದಿ ಹಿಡಿಯೋದು ಇನ್ನೊಂದು. ನಯವಾದ ಸ್ಪರ್ಶ, ಕಂಪನ, ಕೈಕಾಲು ಎಲ್ಲಿದೆ ಅನ್ನೋ ಅರಿವು, ಇವು ನಾನ್‌ಸ್ಟಾಪಲ್ಲಿ ಹೋಗುತ್ತವೆ. ಕಾಲಿನ ಹೆಬ್ಬೆರಳಿಂದ ಹೊರಟ ಎಳೆ ಹುರಿಯ ಹಿಂಭಾಗದಲ್ಲಿ ತನ್ನದೇ ಬದಿಯಲ್ಲಿ ಏರಿ, ಕತ್ತಿನ ಮೇಲಿರೋ ಮೆಡುಲ್ಲಾ, ಅಂದ್ರೆ ಮೆದುಳನ್ನ ಹುರಿಗೆ ಜೋಡಿಸೋ ಬ್ರೈನ್ ಸ್ಟೆಮ್ಮಿನ ಕೆಳಭಾಗ, ಸೇರೋವರೆಗೂ ಒಂದೇ ಜೀವಕೋಶದ ಎಳೆ. ಎತ್ತರದ ಮನುಷ್ಯನಲ್ಲಿ ಅದು ಒಂದೂವರೆ ಮೀಟರಿಗೂ ಹೆಚ್ಚು! ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶ ಅಂತ ಸ್ಕೂಲಲ್ಲಿ ಓದಿದ ಮೇಲೆ ಇದನ್ನ ನಂಬೋದು ಕಷ್ಟ, ಆದ್ರೆ ನಿಜ. ಮೆಡುಲ್ಲಾದಲ್ಲಿ ಇನ್ನೊಂದು ಕೋಶಕ್ಕೆ ಸುದ್ದಿ ದಾಟಿಸುತ್ತೆ, ಅದು ಅಲ್ಲೇ ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ಅಡ್ಡ ದಾಟಿ ಮೆದುಳಿನ ನಡುವೆ ಇರೋ ಜಂಕ್ಷನ್ ಥಾಲಮಸ್‌ಗೆ ಹೋಗುತ್ತೆ, ಅಲ್ಲಿಂದ ಮೆದುಳಿನ ಹೊರಪದರಕ್ಕೆ.

ನೋವು, ಬಿಸಿ, ತಣ್ಣನೆ ಹಂಗಲ್ಲ. ಅವು ಹುರಿ ಒಳಗೆ ಬಂದ ಹತ್ತಿರದಲ್ಲೇ ಕೋಶ ಬದಲಾಯಿಸಿ, ಒಂದೆರಡು ಮೂಳೆಯಷ್ಟು ಮೇಲೆ ಹೋಗೋದ್ರೊಳಗೆ ಆಚೆ ಬದಿಗೆ ದಾಟಿ ಆಮೇಲೆ ಏರುತ್ತವೆ. ಸ್ಪೀಡೂ ಬೇರೆ. ಚಿತ್ರದುರ್ಗದ ಕೋಟೆ ಮೆಟ್ಟಿಲಿಗೆ ಹೆಬ್ಬೆರಳು ಎಡವಿಸ್ಕೊಂಡಾಗ ಗಮನಿಸಿ, ಏನೋ ತಗುಲ್ತು ಅನ್ನೋದು ಮೊದಲು, ಚಳಕ್ ಅನ್ನೋ ಚೂಪು ನೋವು ಹಿಂದೇನೇ, ಆಮೇಲೆ ಒಂದು ಉಸಿರು ಬಿಟ್ಟು ಉರಿಯೋ ನೋವು ಮೆಲ್ಲಗೆ ಹತ್ತುತ್ತೆ. ಸ್ಪರ್ಶದ ದಪ್ಪ ಎಳೆಯಲ್ಲಿ ಸುದ್ದಿ ಸೆಕೆಂಡಿಗೆ 35ರಿಂದ 75 ಮೀಟರ್ ಓಡುತ್ತೆ, ಚೂಪು ನೋವಿನದು 5ರಿಂದ 30, ಉರಿ ತರೋ ಸಣ್ಣ ಎಳೆಗೆ ಸುದ್ದಿ ಬೇಗ ಓಡಿಸೋ ಮೇಲುಹೊದಿಕೆನೇ ಇಲ್ಲ, ಅದರಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ಅಷ್ಟೇ, ನಾವು ನಿಧಾನ ನಡೆದಷ್ಟು.

ದಾಟೋ ಜಾಗ ಬೇರೆ ಇರೋದ್ರಿಂದ ಒಂದು ವಿಚಿತ್ರ ಆಗುತ್ತೆ. ಚಾಕು ಏಟಿಗೋ ಆಕ್ಸಿಡೆಂಟಿಗೋ ಹುರಿಯ ಬಲ ಅರ್ಧ ಮಾತ್ರ ಕಡಿದುಹೋಯ್ತು ಅನ್ಕೊಳ್ಳಿ. ಬಲಗಾಲಿನ ಶಕ್ತಿ ಹೋಗಿಬಿಡುತ್ತೆ, ಕಾಲು ಎಲ್ಲಿದೆ ಅಂತ ಗೊತ್ತಾಗಲ್ಲ, ಆದ್ರೆ ಸೂಜಿ ಚುಚ್ಚಿದ್ರೆ ನೋಯುತ್ತೆ. ಎಡಗಾಲು ಚೆನ್ನಾಗಿ ನಡೆಯುತ್ತೆ, ಆದ್ರೆ ಅದಕ್ಕೆ ಬಿಸಿನೀರು ಬಿದ್ರೂ ಗೊತ್ತಾಗಲ್ಲ. ಬ್ರೌನ್ ಸೆಕಾರ್ ಅನ್ನೋ ವೈದ್ಯ 1850ರ ಆಸುಪಾಸು ಇದನ್ನ ವಿವರಿಸಿದ, ಇವತ್ತಿಗೂ ಆ ಸ್ಥಿತಿಗೆ ಅವನದೇ ಹೆಸರು. ಸ್ಕ್ಯಾನ್ ಅನ್ನೋದು ಕನಸಲ್ಲೂ ಇಲ್ಲದ ಕಾಲದಲ್ಲಿ ಎರಡು ಕಾಲು ಮುಟ್ಟಿ ನೋಡಿ ಗಾಯ ಒಳಗೆ ಯಾವ ಬದಿಗಿದೆ ಅಂತ ಹೇಳಬಹುದಿತ್ತು, ನಂಗಂತೂ ಇದು ವೈದ್ಯಶಾಸ್ತ್ರದ ಅತಿ ಚಂದದ ತರ್ಕಗಳಲ್ಲಿ ಒಂದು.

ಮುಖದ್ದು ಮತ್ತೆ ಬೇರೆ ಕತೆ. ಸಂಜೆ ಮಂಡಕ್ಕಿ ಜೊತೆ ಮಿರ್ಚಿ ಕಚ್ಚಿ ನಾಲಿಗೆ ತುದಿ ಉರಿದಾಗ ಆ ಸುದ್ದಿ ಬೆನ್ನಿನ ನರಗಳಲ್ಲಿ ಬರೋದೇ ಇಲ್ಲ, ಟ್ರೈಜೆಮಿನಲ್ ಅನ್ನೋ ನರದಲ್ಲಿ ನೇರ ಬ್ರೈನ್ ಸ್ಟೆಮ್ಮಿಗೆ ಬರುತ್ತೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹಿಡಿಯೋದು ನಿಜವಾದ ಬಿಸಿ ಗುರುತಿಸೋ ಅದೇ ಪ್ರೋಟೀನನ್ನ, ಹಾಗಾಗಿ ಖಾರ ಅನ್ನೋದು ರುಚಿಗಿಂತ ಹೆಚ್ಚಾಗಿ ಸುಟ್ಟ ಸುದ್ದಿ. 1997ರಲ್ಲಿ ಈ ಪ್ರೋಟೀನ್ ಪತ್ತೆ ಮಾಡಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಮುಖದ ಈ ಉರಿ ನೋವಿನ ಎಳೆಗಳು ಬ್ರೈನ್ ಸ್ಟೆಮ್ ಒಳಗೆ ಮೊದಲು ಕೆಳಗಿಳಿದು ಮೆಡುಲ್ಲಾಕ್ಕೆ ಬಂದು, ಅಲ್ಲಿ ಕೋಶ ಬದಲಿಸಿ ಆಮೇಲೆ ಅಡ್ಡ ದಾಟುತ್ತವೆ. ಪಕ್ಕದಲ್ಲೇ ಮೈಯಿಂದ ಬಂದ, ಆಗಲೇ ದಾಟಿ ಮುಗಿಸಿರೋ ನೋವಿನ ದಾರಿ. ಹಂಗಾಗಿ ಮೆಡುಲ್ಲಾದ ಆ ಪಕ್ಕದ ಸಣ್ಣ ಜಾಗಕ್ಕೆ ರಕ್ತ ನಿಂತು ಸ್ಟ್ರೋಕ್ ಆದ್ರೆ ಅದೇ ಬದಿಯ ಮುಖಕ್ಕೆ ಮತ್ತು ಎದುರು ಬದಿಯ ಮೈಗೆ ಬಿಸಿ, ನೋವು ಗೊತ್ತಾಗಲ್ಲ, ಜೊತೆಗೆ ತಲೆಸುತ್ತು, ನುಂಗೋಕೆ ಕಷ್ಟ. ಕೈಕಾಲು ಬಿದ್ದಿರಲ್ಲ, ಹಾಗಾಗಿ ಮನೆಯವರು ಪಿತ್ತ ಅಂತ ಮಲಗಿಸಿಬಿಡೋ ಅಪಾಯ ಇದೆ.

ಇಷ್ಟೆಲ್ಲಾ ಓದಿ ಸುದ್ದಿ ಬರೀ ಮೇಲಕ್ಕೆ ಹೋಗುತ್ತೆ ಅನ್ಕೋಬೇಡಿ. 1965ರಲ್ಲಿ, ಅಂದ್ರೆ ನಮ್ಮೂರು ದಾವಣಗೆರೆಯಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದ ವರ್ಷ, ಮೆಲ್ಜಾಕ್ ಮತ್ತು ವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು, ನೋವಿನ ಸುದ್ದಿಗೆ ಹುರಿಯಲ್ಲೇ ಗೇಟು ಇದೆ, ಸ್ಪರ್ಶದ ಸುದ್ದಿ ಜಾಸ್ತಿ ಬಂದ್ರೆ ಆ ಗೇಟು ಅರ್ಧ ಮುಚ್ಚುತ್ತೆ ಅಂದ್ರು. ವಿವರಗಳು ಆಮೇಲೆ ಬದಲಾದವು, ಆದ್ರೆ ಏಟು ಬಿದ್ದ ಜಾಗ ಉಜ್ಜಿದ್ರೆ ಹಾಯ್ ಅನ್ಸೋದು ಬರೀ ಸಮಾಧಾನ ಅಲ್ಲ ಅನ್ನೋದು ಉಳೀತು. ಮೇಲಿಂದಲೂ ತಡೆ ಬರುತ್ತೆ. 1969ರಲ್ಲಿ ರೆನಾಲ್ಡ್ಸ್ ಅನ್ನೋರು ಇಲಿಗಳ ಬ್ರೈನ್ ಸ್ಟೆಮ್ಮಿನ ಮೇಲ್ಭಾಗದ ಒಂದು ಜಾಗಕ್ಕೆ ಸಣ್ಣ ಕರೆಂಟ್ ಕೊಟ್ಟು, ಅರಿವಳಿಕೆ ಇಲ್ಲದೆ ಹೊಟ್ಟೆ ಆಪರೇಷನ್ ಮಾಡಿ ತೋರಿಸಿದ್ರು. ದುಗ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ಬೆರಳು ಉಳುಕಿದ ಪೈಲ್ವಾನನಿಗೆ ಆಟ ಮುಗಿಯೋವರೆಗೂ ಗೊತ್ತಾಗದೇ ಇರಬಹುದಲ್ಲ, ಅದರ ಹಿಂದೆ ಈ ಇಳಿದು ಬರೋ ತಡೆಯ ಕೈವಾಡ ಇದೆ.

ನಂಗೆ ನಿಜವಾಗ್ಲೂ ಚಿಂತೆ ಇರೋದು ನೋವಿನ ಬಗ್ಗೆ ಅಲ್ಲ, ಗೊತ್ತಾಗದೇ ಇರೋದ್ರ ಬಗ್ಗೆ. "ಕಾಲು ಜೋಮು ಹಿಡಿದೈತಿ, ವಯಸ್ಸಾತು ಬಿಡಪ್ಪ" ಅಂತ ನಮ್ಮ ಹಿರಿಯರು ಸುಮ್ಮನಾಗ್ತಾರೆ. ಶುಗರ್ ಇದ್ದವರಲ್ಲಿ ಅತಿ ಉದ್ದದ ನರಗಳು ಮೊದಲು ಸೋಲುತ್ತವೆ, ಅದಕ್ಕೇ ಪಾದದಿಂದ ಶುರು. ನಡೀತಾ ಇದ್ದಂಗೇ ಚಪ್ಪಲಿ ಜಾರಿಹೋಗಿ ಹಿಂದೆ ಉಳಿದ್ರೂ ಗೊತ್ತಾಗಲ್ಲ, ಗಾಯ ಆದ್ರೂ ಗೊತ್ತಾಗಲ್ಲ. ಬಿ12 ವಿಟಮಿನ್ ತೀರಾ ಕಮ್ಮಿ ಆದ್ರೆ ಹುರಿಯ ಹಿಂಭಾಗದ ನಾನ್‌ಸ್ಟಾಪ್ ದಾರಿನೇ ಹಾಳಾಗುತ್ತೆ, ಅಂಥವರು ಹತ್ತಿ ಮೇಲೆ ನಡೆದಂಗಾಗುತ್ತೆ ಅಂತಾರೆ, ಮುಖ ತೊಳೆಯೋಕೆ ಕಣ್ಣು ಮುಚ್ಚಿದ್ರೆ ವಾಲ್ತಾರೆ, ಯಾಕಂದ್ರೆ ಕಾಲಿನ ಸುದ್ದಿ ಬರ್ತಿಲ್ಲ, ಅಷ್ಟು ದಿನ ಕಣ್ಣೇ ಅವರನ್ನ ನಿಲ್ಲಿಸಿರುತ್ತೆ. ಬೇಗ ಕಂಡುಹಿಡಿದ್ರೆ ಬಿ12 ಇಂಜೆಕ್ಷನ್‌ಗೆ ತುಂಬಾ ಮಟ್ಟಿಗೆ ಸರಿಹೋಗುತ್ತೆ, ತಡ ಆದಷ್ಟೂ ವಾಪಸ್ ಬರೋದು ಕಮ್ಮಿ.

ಪರೀಕ್ಷೆಗೆ ದೊಡ್ಡ ಮಿಷನ್ ಬೇಕಾಗಿಲ್ಲ. ಡಾಕ್ಟರು 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಬಡಿದು ಕಾಲ್ಬೆರಳ ಮೂಳೆ ಮೇಲೆ ಇಟ್ಟು ಗುಂಯ್ ಅನ್ನೋದು ನಿಂತಾಗ ಹೇಳಿ ಅಂತಾರೆ, ಅದು ಹಿಂಭಾಗದ ದಾರಿಯ ಪರೀಕ್ಷೆ. ಆಮೇಲೆ ಪಿನ್ ತಗೊಂಡು ಚೂಪೋ ಮೊಂಡೋ ಅಂತ ಕೇಳ್ತಾರೆ, ಅದು ಅಡ್ಡ ದಾಟೋ ದಾರಿಯದು. ಎಷ್ಟೋ ಜನ ಡಾಕ್ಟರಿಗೆ ಬೇಜಾರಾಗಬಾರದು ಅಂತ ಎಲ್ಲಕ್ಕೂ "ಹ್ಞೂಂ ಸಾರ್, ಗೊತ್ತಾಗ್ತದೆ" ಅಂದುಬಿಡ್ತಾರೆ. ಅಪ್ಪನೋ ಅಜ್ಜಿಯೋ ಜೊತೆ ಹೋಗೋರು ಮೊದಲೇ ಹೇಳಿಡಿ, ಗೊತ್ತಾಗದಿದ್ರೆ ಗೊತ್ತಾಗಲ್ಲ ಅಂತಾನೇ ಹೇಳಬೇಕು ಅಂತ, ಯಾವ ದಾರಿ ಎಲ್ಲಿ ಕಟ್ಟಾಗಿದೆ ಅಂತ ಡಾಕ್ಟರಿಗೆ ಸಿಗೋ ಸುಳಿವು ಆ ಉತ್ತರಾನೇ.